ಮುನ್ಮಾತಿನಲ್ಲಿ ನುಸುಳಿದ ಶೆಡ್ಡು

ಗಾಳಿಕೇರಿ, ಗದಗ
ಫೆಬ್ರವರಿ ೩೦, ೨೧೮೭

ಮದುವೆ ಗೊತ್ತಾಗಿ, ಹಾಲ್ ಬುಕ್ಕಾಗಿ, ವಕೀಲರ ಬಳಿಗೆ ಮಾತ್ರ ಇನ್ನೂ ಹೋಗದೆ ಇರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಸಾಲಿನ ಒಬ್ಬನ ನಮಸ್ಕಾರ.

ನಿಮಗೆ ಇಪ್ಪತ್ತಾರೇ ವರ್ಷವಿರಬಹುದು. ಆದರೂ ಹಿರಿಯರು ಎನ್ನದೆ ವಿಧಿಯಿಲ್ಲ, ನನ್ನ ಕಡೆಯಿಂದ ನೋಡಿದರೆ ನೀವು ಹುಟ್ಟಿ ನೂರೆಂಬತ್ತು ವರ್ಷ ದಾಟಿದೆ. ಮೇಲಿನ ತಾರೀಖು ಬರೆಯುವಾಗ ಕೈತಪ್ಪಿಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಜುಲೈ ಮತ್ತು ಆಗಸ್ಟ್ ತಲಾ ಒಂದೊಂದು ಬಿಟ್ಟುಕೊಟ್ಟವು, ಅಣ್ಣತಮ್ಮಂದಿರು ಹೀಗೆ ಬಿಟ್ಟುಕೊಟ್ಟದ್ದು ಚರಿತ್ರೆಯಲ್ಲಿ ಅದೊಂದೇ ಸಲವಂತೆ. ಕಾಗದದಲ್ಲಿ ಕೆಲವು ಮಾತು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಿ. ನಮ್ಮ ಕಾಲದಲ್ಲಿ ಹೊಸ ಕಾಯಿದೆ ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ಹೊಸ ಶಬ್ದವೂ ಬರುತ್ತದೆ, ಮಳೆಯ ಹಿಂದೆ ಅಣಬೆ ಬಂದಂತೆ. ಈ ಕಾಗದ ಬರುತ್ತಿರುವುದೇ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಚುನಾವಣೆ, ಕ್ರಿಕೆಟ್, ಚಿನ್ನದ ಧಾರಣೆ, ಈ ಮೂರರ ಸುದ್ದಿ ಬರೆಯಕೂಡದು. ಬುದ್ಧಿಮಾತು ಹೇಳಲು ಮಾತ್ರ ಅಡ್ಡಿಯಿಲ್ಲ, ಏಕೆಂದರೆ ಬುದ್ಧಿಮಾತಿನಿಂದ ಇತಿಹಾಸ ಬದಲಾದ ದಾಖಲೆ ಒಂದೂ ಇಲ್ಲವಂತೆ.

ನಾನು ಕಲ್ಮೇಶ ಹೊಂಬಳ. ವಯಸ್ಸು ನಲವತ್ತಾರು, ಓದಿದ್ದು ಕನ್ನಡ ಮಾಧ್ಯಮದಲ್ಲಿ ಬಿ.ಎ., ಕಸುಬು ಪ್ರಾಸಗಾರಿಕೆ. ಈ ಕಸುಬು ನಿಮ್ಮಲ್ಲಿಲ್ಲ, ಹಾಗಾಗಿ ವಿವರಿಸಬೇಕು. ಮದುವೆಗೆ ಮುಂಚೆ ಹೆಣ್ಣು ಗಂಡು ಮಾಡಿಕೊಳ್ಳುವ ಕರಾರಿಗೆ ನಾವು ಮುನ್ಮಾತು ಎನ್ನುತ್ತೇವೆ. ಮನೆ ಯಾರ ಹೆಸರಿನಲ್ಲಿ, ದುಡಿಮೆ ಯಾರದು, ವಯಸ್ಸಾದ ತಾಯಿ ಯಾರ ಜೊತೆ, ಬೇರೆಯಾದರೆ ಯಾರು ಏನು ತೆಗೆದುಕೊಂಡು ಹೊರಡುವುದು, ಎಲ್ಲ ಅದರಲ್ಲಿರುತ್ತದೆ. ಹಿಂದೆ ಒಂದು ಕಾಲವಿತ್ತಂತೆ, ಜನ ನಲವತ್ತು ಪುಟದ ಕರಾರನ್ನು ಓದದೆಯೇ ಒಪ್ಪಿದೆ ಎಂದು ಬೆರಳೊತ್ತುತ್ತಿದ್ದರಂತೆ. ಸಹಿಯೆಂದರೆ ಸಿಹಿ ಅಂದುಕೊಂಡವರು ಆಮೇಲೆ ಕಹಿ ಉಂಡರು. ಅದಕ್ಕೆ ನಮ್ಮವರು ಕಾಯಿದೆ ತಂದರು: ಮುನ್ಮಾತನ್ನು ಕಾಗದ ನೋಡದೆ ರಿಜಿಸ್ಟ್ರಾರರ ಮುಂದೆ ಒಪ್ಪಿಸಬೇಕು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಂತೆ. ಅದೂ ತಾನು ಕೊಟ್ಟ ಮಾತನ್ನಲ್ಲ, ಎದುರಿನವರು ಕೊಟ್ಟ ಮಾತನ್ನು. ಕೊಟ್ಟ ಮಾತನ್ನು ಯಾರೂ ನೆನಪಿಡುವುದಿಲ್ಲ, ಕೊಡಿಸಿಕೊಂಡ ಮಾತನ್ನು ಯಾರೂ ಮರೆಯುವುದಿಲ್ಲ ಎಂಬ ಸತ್ಯವನ್ನು ಆ ಕಾಯಿದೆ ಮಾಡಿದವರು ಮನೆಯಲ್ಲೇ ಕಲಿತಿದ್ದಿರಬೇಕು. ಗದ್ಯ ಬಾಯಿಪಾಠ ಆಗುವುದಿಲ್ಲ, ಪದ್ಯ ಆಗುತ್ತದೆ. ಹಾಗೆ ವಕೀಲರ ಪಕ್ಕದ ಕುರ್ಚಿಯಲ್ಲಿ ಪ್ರಾಸಗಾರ ಬಂದು ಕೂತ. ಈವರೆಗೆ ನಾಲ್ಕು ನೂರಕ್ಕೂ ಹೆಚ್ಚು ಜೋಡಿಗಳ ಕರಾರನ್ನು ನಾನು ಪದ್ಯ ಮಾಡಿದ್ದೇನೆ.

ಇನ್ನೊಂದು ನಿಯಮವನ್ನೂ ಹೇಳಬೇಕು. ಹತ್ತು ವರ್ಷದಿಂದೀಚೆಗೆ ಗಂಡಿಗೊಬ್ಬ ವಕೀಲರು, ಹೆಣ್ಣಿಗೊಬ್ಬ ವಕೀಲರು ಬೇರೆಬೇರೆ ಇರಲೇಬೇಕು. ಇಬ್ಬರೂ ಬೇರೆ ಬಾಗಿಲಿನಿಂದ ಒಳಗೆ ಹೋಗಬೇಕು, ಬೇರೆ ಕೋಣೆಯಲ್ಲಿ ಕೂರಬೇಕು, ಕನಿಷ್ಠ ಒಂದು ಗಂಟೆ ಸಲಹೆ ಕೇಳಬೇಕು. ಇದರಿಂದ ವಿನಾಯಿತಿ ಇರುವುದು ಇದೇ ಕಸುಬಿನವರಿಗೆ ಮಾತ್ರ. ವಕೀಲರು, ಗುಮಾಸ್ತರು, ಪ್ರಾಸಗಾರರು ಬಲ್ಲೆಚೀಟಿ ಎಂಬ ಅಂಗೈಯಗಲದ ಕಾಗದಕ್ಕೆ ಸಹಿ ಹಾಕಿ ಸಲಹೆಯನ್ನು ತಪ್ಪಿಸಿಕೊಳ್ಳಬಹುದು. ಅದರಲ್ಲಿ ಒಂದೇ ವಾಕ್ಯ: ನಾನು ಎಲ್ಲವನ್ನೂ ಬಲ್ಲೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು: ಆದ್ದರಿಂದ ಕರಾರಿನ ಪ್ರತಿ ಶಬ್ದವನ್ನೂ ಇವರು ತಿಳಿದೇ ಬರೆದಿದ್ದಾರೆಂದು ಭಾವಿಸತಕ್ಕದ್ದು.

ನಾನು ಹಿಂಬದಿ ನೋಡಲಿಲ್ಲ. ಎಲ್ಲ ಬಲ್ಲವನಿಗೆ ಹಿಂಬದಿ ಯಾಕೆ?

ಈಗ ನಿಂಬೆಕ್ಕನ ಪರಿಚಯ. ನಿಂಬೆಕ್ಕ ಅಸುಂಡಿಗೆ ನಲವತ್ತನಾಲ್ಕು, ಹದಿನೇಳರ ಒಬ್ಬ ಮಗಳು, ಹೆಸರು ಕಸ್ತೂರಿ. ನಮ್ಮೂರ ಗುಡ್ಡದ ಮೇಲೆ ಗಾಳಿಕಂಬಗಳಿವೆ, ನಿಮ್ಮ ಕಾಲದಲ್ಲೂ ಇದ್ದವು. ಅವುಗಳ ರೆಕ್ಕೆಗೆ ಇಪ್ಪತ್ತೈದು ವರ್ಷ ಆಯುಷ್ಯ. ಆಮೇಲೆ ಇಳಿಸಿದ ರೆಕ್ಕೆ ಎಂದರೆ ಸತ್ತ ತಿಮಿಂಗಿಲ. ಸುಡಲು ಬರುವುದಿಲ್ಲ, ಹೂಳಲು ಜಾಗವಿಲ್ಲ. ನಿಂಬೆಕ್ಕ ಅದನ್ನು ಕೊಯ್ದು ಬಸ್ ನಿಲ್ದಾಣದ ಚಾವಣಿ, ದನಕ್ಕೆ ನೀರಿಡುವ ಬಾನಿ, ಮನೆಗೆ ತೂಗುಮಂಚ ಮಾಡುತ್ತಾರೆ. ಗದಗದಲ್ಲಿ ನೀವು ಯಾವ ತೂಗುಮಂಚದಲ್ಲಿ ಕೂತರೂ ಅದು ಒಂದು ಕಾಲದಲ್ಲಿ ಆಕಾಶದಲ್ಲಿ ತಿರುಗಿದ್ದೇ. ಈ ಕೆಲಸ ನಡೆಯುವುದು ಅವರ ಶೆಡ್ಡಿನಲ್ಲಿ. ಮೊದಲ ಮದುವೆಯಲ್ಲಿ ಅವರಿಗೂ ಗಂಡನಿಗೂ ಸೇರಿ ಒಬ್ಬರೇ ವಕೀಲರಿದ್ದರು, ಗಂಡನ ಸೋದರಮಾವ. ಮದುವೆ ಮುರಿದಾಗ ಗಂಡನ ಮನೆಯವರ ನೆಲದಲ್ಲಿ ಕಟ್ಟಿದ್ದ ಕೆಲಸದ ಜಾಗ ಅಲ್ಲೇ ಉಳಿಯಿತು. ನಿಂಬೆಕ್ಕ ಹೊರಬಿದ್ದದ್ದು ಕಂಕುಳಲ್ಲಿ ಮಗಳನ್ನೂ ಕೈಯಲ್ಲಿ ಒಂದು ಗರಗಸವನ್ನೂ ಹಿಡಿದುಕೊಂಡು. ಈಗಿನ ಶೆಡ್ಡು ಆಮೇಲೆ ಹದಿನಾಲ್ಕು ವರ್ಷದಲ್ಲಿ ಒಬ್ಬರೇ ಎಬ್ಬಿಸಿದ್ದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದೇ ಈ ಕಾಗದದ ಕಾರಣ.

ನಮ್ಮಿಬ್ಬರದು ತೂಗುಮಂಚದ ಗಿರಾಕಿತನದಿಂದ ಶುರುವಾದ ಸ್ನೇಹ. ಎರಡು ವರ್ಷದಲ್ಲಿ ನಾನು ಮೂರು ತೂಗುಮಂಚ ಕೊಂಡೆ. ಮನೆಯಲ್ಲಿ ನಡೆದಾಡಲು ಜಾಗವಿಲ್ಲದಂತಾದಾಗ ಅವರೇ ಮದುವೆಯ ಮಾತೆತ್ತಿದರು. ಮುನ್ಮಾತು ಬರೆಯಲು ನಾನು ಬೇರೆಯವರನ್ನು ಹುಡುಕಲಿಲ್ಲ. ಅಡುಗೆಭಟ್ಟನ ಮನೆಯ ಮದುವೆಗೆ ಹೋಟೆಲಿನಿಂದ ಊಟ ತರಿಸುತ್ತಾರೆಯೇ? ಬಲ್ಲೆಚೀಟಿಗೆ ಸಹಿ ಹಾಕಿದೆ, ಒಂದೇ ಸಂಜೆಯಲ್ಲಿ ಇಪ್ಪತ್ತು ಪದ್ಯ ಕಟ್ಟಿದೆ. ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಿಸುವುದು ನಮ್ಮ ಹಳೆಯ ಪದ್ಧತಿ, ಅದರಲ್ಲಿ ನನ್ನನ್ನು ಮೀರಿಸುವವರು ಈ ಪೇಟೆಯಲ್ಲಿಲ್ಲ. ಆಸ್ತಿಯ ಪದ್ಯ ಹೀಗಿತ್ತು:

ಗುಡ್ಡದಡಿಯ ಮನೆ ಇಬ್ಬರ ಹೆಸರು,
ಅಡ್ಡಗೋಡೆ ಎಂಬುದಿಲ್ಲ;
ಶೆಡ್ಡೂ ಸೇರಿ ಸಮಪಾಲು ಇಬ್ಬರಿಗೆ,
ಗಡ್ಡ ಮಾತ್ರ ನನ್ನದೇ ಎಲ್ಲ.

ಕಡೆಯ ಸಾಲಿಗೆ ನಾನೇ ನಕ್ಕೆ. ನಕಲು ಪ್ರತಿಯನ್ನು ನಿಂಬೆಕ್ಕನ ವಕೀಲರಿಗೆ ಕಳಿಸಿ, ಗಡ್ಡಕ್ಕೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಒಪ್ಪಿಸುವ ದಿನಕ್ಕೆ ನಾಲ್ಕು ದಿನವಿತ್ತು. ಬೆಳಗ್ಗೆ ಹನ್ನೊಂದಕ್ಕೆ ನಿಂಬೆಕ್ಕ ನನ್ನ ಕಚೇರಿಗೆ ಬಂದರು. ತೋಳಿನ ಮೇಲೆ ರೆಕ್ಕೆಯ ಬಿಳಿ ಪುಡಿ ಹಾಗೆಯೇ ಇತ್ತು. ಕೂರಲಿಲ್ಲ.

"ಪ್ರಾಸಗಾರ್ರ, ಇದನ್ನ ಒಮ್ಮಿ ಓದ್ರಿ."

ನಾನು ರಾಗವಾಗಿ ಶುರುಮಾಡಿದೆ.

"ರಾಗ ಬ್ಯಾಡ. ಮೂರನೇ ಸಾಲ ಓದ್ರಿ."

ಓದಿದೆ.

"ಯಾರ ಶೆಡ್ ಅದು?"

"ನಿಮ್ದ."

"ನಾ ಕೊಡ್ತೀನಿ ಅಂದಿದ್ನೇನು?"

"ಇಲ್ರೀ... ಗುಡ್ಡ ಬಂತು, ಅಡ್ಡ ಬಂತು, ಮೂರನೇದಕ್ಕ ಒಂದು ಡ್ಡ ಬೇಕಾಗಿತ್ತು."

"ಹದಿನಾಕ ವರ್ಷ ರೆಕ್ಕಿ ಕೊಯ್ದು ಕಟ್ಟೀನ್ರಿ ಅದನ್ನ. ಡ್ಡಕ್ಕ ಕೊಡ್ಲೇನು?"

ನಾನು ತಿದ್ದುತ್ತೇನೆ ಎಂದೆ. ಅವರು ಆಗದೆಂದು ತಲೆಯಾಡಿಸಿದರು. ಅವರ ವಕೀಲೆ ಎಲ್ಲ ಬಿಡಿಸಿ ಹೇಳಿದ್ದರು: ಈ ಮನುಷ್ಯ ಬಲ್ಲೆಚೀಟಿ ಕೊಟ್ಟಿದ್ದಾನೆ, ತಿಳಿದೇ ಅರ್ಧ ಶೆಡ್ಡು ಕೇಳಿದ್ದಾನೆ, ಈಗ ಪ್ರಾಸಕ್ಕೆ ಹಾಕಿದೆ ಎಂದರೆ ಕಾಯಿದೆ ನಂಬುವುದಿಲ್ಲ, ನೀನೂ ನಂಬಬೇಡ.

"ಅವ್ರು ಅಂಥಾವ್ರಲ್ಲ ಅಂತ ನಾ ಅಂದ್ನಿ," ಎಂದರು ನಿಂಬೆಕ್ಕ. "ಅದಕ್ಕ ಆಕಿ ಏನಂದ್ಲು ಗೊತ್ತೇನ್ರಿ? ಮೊದಲಿನ್ಯಾವನಿಗೂ ಹಂಗ ಅಂದಿದ್ದೆಲ್ಲ ಅಂದ್ಲು."

ಬಲ್ಲೆಚೀಟಿ ಹಿಂದಕ್ಕೆ ಪಡೆಯಲು ಇದ್ದದ್ದು ಒಂದೇ ದಾರಿ: ಒಬ್ಬ ವಕೀಲರ ಮುಂದೆ ಪೂರ್ತಿ ಒಂದು ಗಂಟೆ ಕೂತು, ನಾನು ಬಲ್ಲವನಲ್ಲ ಎಂದು ಬರೆದುಕೊಟ್ಟು, ಸಲಹೆ ಪಡೆದು, ಹೊಸ ಕರಡನ್ನು ಒಪ್ಪಿಸುವ ದಿನದೊಳಗೆ ಕೊಡಬೇಕು. ಅದಾಗದಿದ್ದರೆ, ಅಥವಾ ಒಪ್ಪಿಸುವಾಗ ತಪ್ಪಿದರೆ, ಮುನ್ಮಾತು ಬಿದ್ದುಹೋಗುತ್ತದೆ. ಬಿದ್ದ ಮುನ್ಮಾತನ್ನು ಅದೇ ಇಬ್ಬರು ಮತ್ತೆ ಎತ್ತಲು ಮೂರು ವರ್ಷ ಕಾಯಬೇಕು. ನಿಂಬೆಕ್ಕ ಬಾಗಿಲಿನಲ್ಲಿ ನಿಂತು ಇಷ್ಟೇ ಹೇಳಿದರು: "ಮೂರ ವರ್ಷ ಕಾಯಾಕ ನಾ ತಯಾರಿಲ್ರಿ. ಶೆಡ್ ಬಿಡಾಕೂ ತಯಾರಿಲ್ಲ. ನಾಕ ದಿನ ಐತಿ, ಯಾರನ್ನಾರ ಕೇಳ್ರಿ."

ನಾನು ಹೋದದ್ದು ಫಕೀರವ್ವ ಮುಳಗುಂದ ಎಂಬ ವಕೀಲರ ಬಳಿಗೆ. ಎಪ್ಪತ್ತೆರಡು ವರ್ಷ, ಸದಾ ಬಾಯಲ್ಲಿ ಲವಂಗ. ಅವರ ಎಷ್ಟೋ ಕರಾರಿಗೆ ನಾನೇ ಪ್ರಾಸ ಹಾಕಿದ್ದೆ, ಆದರೆ ಅವರ ಎದುರಿನ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಆ ಕುರ್ಚಿ ಇಷ್ಟು ತಗ್ಗು ಎಂದು ಪಕ್ಕದ ಕುರ್ಚಿಯಿಂದ ನನಗೆ ಎಂದೂ ಗೊತ್ತಾಗಿರಲಿಲ್ಲ. ಮೊದಲ ಅರ್ಧ ತಾಸು ನಾನು ತಮಾಷೆಯಲ್ಲೇ ಕಳೆದೆ. ಅವರು ಲವಂಗ ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ಕಾದರು.

"ಮುಗೀತೇನು? ಇನ್ನ ಪ್ರಾಸ ಚಪ್ಪಲಿ ಜೋಡಿ ಹೊರಗ ಬಿಟ್ಟ ಬಾ. ಮನಿ ಯಾರ ಹೆಸರಿನ್ಯಾಗ ಐತಿ?"

"ನಂದ್ರಿ."

"ಮನ್ಯಾಗ ಯಾರ್ಯಾರ ಅದೀರಿ?"

"ನಾನು. ಮ್ಯಾಲ ನಮ್ಮಕ್ಕ ಗಂಗವ್ವ."

"ಆಕಿ ಎಲ್ಲೀತನ ಇರಾಕಿ?"

"ಇರೂತನ. ಅಪ್ಪ ಹಂಗ ಹೇಳಿ ಹೋಗ್ಯಾನ್ರಿ."

"ಅದನ್ನ ಯಾವ ಪದ್ಯದಾಗ ಬರದೀ?"

ಬರೆದಿರಲಿಲ್ಲ. ಮನೆ ಇಬ್ಬರ ಹೆಸರು, ಅಡ್ಡಗೋಡೆ ಇಲ್ಲ ಎಂದು ಹಾಡುತ್ತ, ಮೇಲಿನ ಮಹಡಿಯಲ್ಲಿ ಮೂವತ್ತು ವರ್ಷದಿಂದ ರೊಟ್ಟಿ ಬಡಿದು ಕೆಳಗಿಳಿಸುತ್ತಿದ್ದ ಅಕ್ಕನನ್ನು ನಾನು ಕರಾರಿನಲ್ಲಿ ಇಲ್ಲವಾಗಿಸಿದ್ದೆ. ನಾಳೆ ನಾನು ಸತ್ತರೆ, ಅಥವಾ ಮನೆ ಮಾರುವ ಮಾತು ಬಂದರೆ, ಅಕ್ಕನ ಕೈಯಲ್ಲಿ ಹಿಡಿಯಲು ಒಂದು ಸಾಲೂ ಇರುತ್ತಿರಲಿಲ್ಲ.

"ಅಕ್ಕನ್ನ ಬಯಲಿಗಿಟ್ಟೀ," ಎಂದು ಫಕೀರವ್ವ ಬೆರಳು ಮಡಿಚಿದರು. "ಹೆಂಡ್ತಿ ಆಗಾಕಿ ಶೆಡ್ಡಿಗಿ ಕೈ ಹಾಕೀ. ಗಡ್ಡ ಒಂದು ಭದ್ರ ಐತಿ. ಬಲ್ಲೆ ಅಂತ ಬ್ಯಾರೆ ಬರದ ಕೊಟ್ಟೀ. ಈಗ ಹೇಳು, ಆ ಶೆಡ್ ನಿನಗ ಯಾಕ ಬೇಕಾತು?"

"ಬೇಕಾಗಿಲ್ರಿ. ಪ್ರಾಸಕ್ಕ..."

"ಡ್ಡಕ್ಕ ದಡ್ಡ ಐತಿ, ಹೆಡ್ಡ ಐತಿ. ಎರಡೂ ನಿನಗ ಒಪ್ಪತಾವ. ಅವನ್ನ ಬಿಟ್ಟು ಶೆಡ್ ಯಾಕ ಬಂತೋ?"

ಇಪ್ಪತ್ತು ವರ್ಷದ ಕಸುಬಿನಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಫಕೀರವ್ವ ಅವಸರ ಮಾಡಲಿಲ್ಲ. ಕಡೆಗೆ ನನ್ನ ಬಾಯಿಂದ ಬಂದದ್ದು ನನಗೇ ಹೊಸದಾಗಿತ್ತು.

"ಮಧ್ಯಾಹ್ನ ಆಕಿ ರೆಕ್ಕಿ ಉಜ್ಜತಿರ್ತಾಳ್ರಿ. ನಾ ಬಾಗಲದಾಗ ನಿಂತ ಮಾತಾಡ್ತೀನಿ. ಗಿರಾಕಿ ಬಂದ್ರ ಸರದು ದಾರಿ ಬಿಡಬೇಕು, ಮತ್ತ ಬರಬೇಕು. ಹಂಗ ಎರಡ ವರ್ಷ ಆತು. ಮದುವಿ ಆದ್ರ ಒಳಗ ಕುಂದ್ರಾಕ ಒಂದ ಜಾಗಾ ಇರ್ತೇತಿ ಅನ್ಕೊಂಡಿದ್ನಿ."

ಫಕೀರವ್ವ ಲವಂಗ ನುಂಗಿದರು. ಅವರು ಲವಂಗ ನುಂಗಿದ್ದನ್ನು ಕಂಡವರು ಊರಲ್ಲಿ ಕಡಿಮೆ.

"ಅದು ಆಸ್ತಿ ಅಲ್ಲೋ ತಮ್ಮಾ," ಎಂದರು. "ಅದು ಒಂದ ಸ್ಟೂಲು. ಸ್ಟೂಲ್ ಬೇಕಾದ್ರ ಸ್ಟೂಲ್ ಕೇಳು. ಶೆಡ್ ಕೇಳಬ್ಯಾಡ."

ಒಂದು ಗಂಟೆ ಎಂದಿದ್ದದ್ದು ಎರಡೂವರೆ ಗಂಟೆಯಾಯಿತು. ಮುಂದಿನ ಎರಡು ದಿನ ಇಬ್ಬರು ವಕೀಲರ ನಡುವೆ ಕಾಗದಗಳು ಓಡಾಡಿದವು. ನಮಗಿಬ್ಬರಿಗೂ ಭೇಟಿಯಾಗುವ ಅನುಮತಿಯಿರಲಿಲ್ಲ, ಕರಡು ತಿದ್ದುವಾಗ ಕಣ್ಣೀರಿಗೂ ಕಣ್ಸನ್ನೆಗೂ ಅವಕಾಶ ಕೊಡಬಾರದೆಂದು ಹಾಗೆ. ನನ್ನ ಕಡೆಯಿಂದ ಹೋದದ್ದು: ಶೆಡ್ಡು ಪೂರ್ತಿ ನಿಂಬೆಕ್ಕನದು, ಅವರ ನಂತರ ಕಸ್ತೂರಿಯದು, ಕಲ್ಮೇಶನಿಗೆ ಅದರಲ್ಲಿ ಒಂದು ಮೊಳೆಯೂ ಇಲ್ಲ, ಆದರೆ ಒಳಗೆ ಒಂದು ಸ್ಟೂಲಿನಷ್ಟು ಜಾಗದಲ್ಲಿ ಕೂರಲು ಅಪ್ಪಣೆ ಬೇಡುತ್ತಾನೆ. ಮಾರನೆಯ ದಿನವೆಲ್ಲ ಉತ್ತರವಿಲ್ಲ. ನಾನು ಊಟ ಬಿಟ್ಟೆ. ಅಕ್ಕ ಅದನ್ನು ಉಪವಾಸವೆಂದು ತಿಳಿದು ಬಾಳೆಹಣ್ಣು ಕಳಿಸಿದಳು. ಸಂಜೆ ನಿಂಬೆಕ್ಕನ ವಕೀಲರ ಉತ್ತರ ಬಂತು, ಷರತ್ತುಗಳೊಂದಿಗೆ. ಸ್ಟೂಲನ್ನು ಅವನೇ ತರಬೇಕು. ಬಾಗಿಲಿನಿಂದ ಎಡಕ್ಕೆ ಇಡಬೇಕು, ಬಲಕ್ಕೆ ಬಣ್ಣದ ಡಬ್ಬಿಗಳಿವೆ. ಗರಗಸ ನಡೆಯುತ್ತಿರುವಾಗ ಪದ್ಯ ಹೇಳಕೂಡದು. ಎದ್ದು ಹೋಗು ಎಂದರೆ ಹೋಗಬೇಕು, ಕಾರಣ ಕೇಳಕೂಡದು. ಈ ಭಾಗವನ್ನು ಪದ್ಯ ಮಾಡಕೂಡದು ಎಂಬುದು ಕಡೆಯ ಷರತ್ತು, ಅದರ ಕೆಳಗೆ ಎರಡು ಗೆರೆ.

ಒಪ್ಪಿಸುವ ದಿನ ರಿಜಿಸ್ಟ್ರಾರರ ಕಚೇರಿ ತುಂಬಿತ್ತು. ನಮ್ಮಲ್ಲಿ ಆ ಕಚೇರಿ ಎಂದರೆ ಅರ್ಧ ಪರೀಕ್ಷೆಯ ಹಾಲ್, ಅರ್ಧ ಮದುವೆಯ ಹಾಲ್. ಗೋಡೆಗೆ ಒರಗಿ ಬಾಯಿಪಾಠ ಮಾಡುವ ವಧುವರರು, ಎದುರಿಗೆ ಪುಸ್ತಕ ಹಿಡಿದು ತಪ್ಪು ತಿದ್ದುವ ತಂಗಿಯರು, ಸಾಲು ಮರೆತು ಕಂಗೆಟ್ಟವರಿಗೆ ಧೈರ್ಯ ಹೇಳುವ ಅತ್ತೆಯರು. ಕಸ್ತೂರಿಯೂ ನಮ್ಮಕ್ಕನೂ ಒಂದೇ ಬೆಂಚಿನ ಮೇಲೆ ಕೂತು ಹುರಿದ ಶೇಂಗಾ ಹಂಚಿಕೊಳ್ಳುತ್ತಿದ್ದರು. ನಿಂಬೆಕ್ಕ ನನ್ನ ಕಡೆ ನೋಡಲಿಲ್ಲ. ಕರೆದಾಗ ಮುಂದೆ ನಿಂತು, ನಾನು ಕೊಟ್ಟ ಮಾತುಗಳನ್ನು ಒಂದೂ ತಪ್ಪದೆ ಒಪ್ಪಿಸಿದರು. ಅದರಲ್ಲಿ ಫಕೀರವ್ವ ಶಬ್ದಶಬ್ದಕ್ಕೂ ಪೆನ್ನು ತಿವಿದು ನೋಡಿದ ಹೊಸ ಪದ್ಯವೂ ಇತ್ತು:

ಅಕ್ಕ ಗಂಗವ್ವಗೆ ಮೇಲಿನ ಮಹಡಿ,
ಲೆಕ್ಕ ಕೇಳುವ ಹಾಗಿಲ್ಲ;
ಚೊಕ್ಕ ಕೆಳಮನೆ ಅರ್ಧ ನಿಂಬೆಕ್ಕಗೆ,
ಹಕ್ಕು ಕೀಳುವ ಹಾಗಿಲ್ಲ.

ಆಮೇಲೆ ನನ್ನ ಸರದಿ. ನಿಂಬೆಕ್ಕ ಕೊಟ್ಟ ಮಾತುಗಳನ್ನು ನಾನು ಒಪ್ಪಿಸಬೇಕು. ಪದ್ಯದ ಭಾಗ ನೀರು ಕುಡಿದಂತೆ ಹೋಯಿತು. ಸ್ಟೂಲಿನ ಗದ್ಯ ಬಂದಾಗ ಬಾಯಿ ಕಟ್ಟಿತು. ಹಿಡಿದು ನಡೆಯಲು ಪ್ರಾಸವೆಂಬ ಕೈಗೋಲಿಲ್ಲ. ತತ್ಸಂಬಂಧವಾಗಿ ಎಂದಿತ್ತೋ ತತ್ಪರಿಣಾಮವಾಗಿ ಎಂದಿತ್ತೋ ನೆನಪಿಲ್ಲ. ಇಡೀ ಊರಿಗೆ ಬಾಯಿಪಾಠ ಮಾಡಿಸಿದವನು ಬಾಯಿ ತೆರೆದು ನಿಂತೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಂಬೆಕ್ಕ ಈಗ ನನ್ನ ಕಡೆ ನೋಡಿದರು.

ರಿಜಿಸ್ಟ್ರಾರ್ ಸಾಹೇಬರು ಕನ್ನಡಕ ತೆಗೆದರು. "ಇದ್ದಂಗ ಹೇಳಬೇಕು ಅಂತ ಕಾಯ್ದೇದಾಗ ಎಲ್ಲೈತ್ರಿ ಹೊಂಬಳಾರ? ತಿಳಿದೇತಿಲ್ಲೋ ಅಂತಷ್ಟ ನಾವು ನೋಡೂದು. ನಿಮ್ಮ ಮಾತಿನ್ಯಾಗ ಹೇಳ್ರಿ."

ನೂರು ವರ್ಷದಿಂದ ಇದ್ದ ಕಾಯಿದೆ. ಯಾರೂ ಪದ್ಯ ಕೇಳಿಯೇ ಇರಲಿಲ್ಲ. ನಾವೇ ಕೊಡುತ್ತ ಬಂದಿದ್ದೆವು. ನನ್ನ ಕಸುಬಿನ ಬುಡ ಅಲುಗಿದ್ದನ್ನು ಆಮೇಲೆ ಯೋಚಿಸೋಣವೆಂದು ಬದಿಗಿಟ್ಟು ಹೇಳಿದೆ:

"ಶೆಡ್ ಆಕೀದ್ರಿ. ಆಕಿ ಆದಮ್ಯಾಲ ಕಸ್ತೂರಿದು. ನನಗ ಒಳಗ ಕುಂದ್ರಾಕ ಕೊಟ್ಟಾಳ. ಹೋಗು ಅಂದ್ರ ಎದ್ದ ಹೋಗ್ಬೇಕು, ಯಾಕ ಅನ್ನಂಗಿಲ್ಲ. ಹೋಗು ಅನ್ನೂದಿಲ್ಲ ಅಂತೇನೂ ಆಕಿ ಬರದ ಕೊಟ್ಟಿಲ್ಲ. ಆದ್ರೂ ನಾ ಕುಂದ್ರತೀನ್ರಿ."

ಸಾಹೇಬರು ತಿಳಿದಿದೆ ಎಂದು ಬರೆದು ಮುದ್ರೆ ಒತ್ತಿದರು. ಸಹಿ ಹಾಕಲು ಬಾಗಿದ ನಿಂಬೆಕ್ಕ ಪೆನ್ನು ಹಿಡಿದುಕೊಂಡೇ ಹೇಳಿದರು: "ಎರಡ ವರ್ಷದಾಗ ಈ ಮನಷ್ಯಾ ಇಷ್ಟ ಉದ್ದ, ಪ್ರಾಸ ಇಲ್ದ ಮಾತಾಡಿದ್ದ ಇದ ಮೊದಲು." ಅಕ್ಕ ಶೇಂಗಾದ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಂದೇ ಸಂಜೆ ಮದುವೆಯಾಯಿತು.

ಈಗ ನಿಮ್ಮ ಮಾತು. ಇಂಥ ಕರಾರು ನಿಮ್ಮ ಕಾಲದ ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆ, ಯಾರಿಗೆ ನಿಲ್ಲುತ್ತದೆ ಎಂಬುದನ್ನು ನಿಮ್ಮ ಕಾಲದ ವಕೀಲರನ್ನೇ ಕೇಳಿ. ನಾನು ಪ್ರಾಸಗಾರ, ನನ್ನನ್ನು ನಂಬಿ ಕೆಟ್ಟವರಲ್ಲಿ ನಾನೇ ಮೊದಲಿಗ. ಆದರೆ ಕೇಳಿ. ಒಬ್ಬೊಬ್ಬರೇ ಹೋಗಿ ಕೇಳಿ. ಇಬ್ಬರಿಗೂ ಒಬ್ಬರೇ ಸಾಕು ಎಂದು ಹೇಳುವ ಮಾವನನ್ನು ಊಟಕ್ಕೆ ಕರೆಯಿರಿ, ಸಲಹೆಗೆ ಬೇಡ. ಅಪಶಕುನ ಎನ್ನುವವರಿಗೆ ಹೇಳಿ, ಮಳೆಗಾಲಕ್ಕೆ ಮುಂಚೆ ಹೆಂಚು ನೋಡಿಸಿದರೆ ಮಳೆ ಮುನಿಯುವುದಿಲ್ಲ. ನಾಚಿಕೆಯಿಂದ ಕಡೆಗೆ ಇಟ್ಟುಕೊಂಡ ಪ್ರಶ್ನೆಯನ್ನು ಮೊದಲು ಕೇಳಿ. ನಿಮ್ಮ ಮನೆಯ ಮಹಡಿಯಲ್ಲಿ ಯಾರನ್ನಾದರೂ ಮರೆತಿದ್ದೀರಾ ನೋಡಿ. ಮತ್ತು ಎದುರಿನವರ ಆಸ್ತಿಯಲ್ಲಿ ನಿಮಗೆ ಬೇಕಾದದ್ದು ನಿಜವಾಗಿ ಏನು ಎಂದು ಯಾರಾದರೂ ಕೇಳಿದರೆ, ಸಿಟ್ಟಾಗದೆ ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಹೇಳಿ.

ನಿಮ್ಮ ಮದುವೆಗೆ ಶುಭಾಶಯ. ಎಲ್ಲ ಕೇಳಿ ತಿಳಿದ ಮೇಲೆ ಬೇಡವೆನಿಸಿ, ಹಾಲ್ ಬಿಟ್ಟುಕೊಟ್ಟು ಇಬ್ಬರೂ ನಗುನಗುತ್ತ ಅವರವರ ಮನೆಗೆ ಹೋದರೆ ಅದಕ್ಕೂ ಅಷ್ಟೇ ಶುಭಾಶಯ. ಅದೂ ಒಂದು ಶುಭಕಾರ್ಯವೇ, ಊಟ ಮಾತ್ರ ಇರುವುದಿಲ್ಲ.

ಇಂತು ನಿಮ್ಮ,
ಕಲ್ಮೇಶ ಹೊಂಬಳ
(ಬಲ್ಲವನಲ್ಲ, ಬರೆದುಕೊಟ್ಟಿದ್ದೇನೆ)